ಸಂತೆ ಎದ್ದು ಹೋಗುವುದು ಯಾವಾಗ?

2021ರ ಫೆಬ್ರುವರಿ 9ರಂದು ಆಗಿನ ರೈಲ್ವೆ ಸಚಿವ ಪೀಯೂಷ್ ಗೋಯಲ್ ಒಂದು ಸಂಗತಿಯನ್ನು ಸಾರ್ವಜನಿಕರಿಗೆ ತಿಳಿಸಿದರು. ತಾವು ‘ಕೂ’ ಎಂಬ ಸ್ವದೇಶಿ ಸಾಮಾಜಿಕ ಜಾಲತಾಣವನ್ನು ಸೇರಿರುವುದಾಗಿಯೂ ಅಲ್ಲಿ ಜನ ತಮ್ಮೊಡನೆ ಸಂಪರ್ಕ ಇಟ್ಟುಕೊಳ್ಳಬಹುದೆಂದೂ ಅದರ ತಾತ್ಪರ್ಯ. ಸೋಜಿಗವೆಂದರೆ ಈ ಪ್ರಕಟಣೆ ಹೊರಬಿದ್ದದ್ದು ಟ್ವಿಟರ್‌ನಲ್ಲಿ. ಹೊಸ ಅಂಗಡಿಗೆ ಬನ್ನಿ ಎಂಬ ಕರೆಯನ್ನು ಹಳೆಯ ಅಂಗಡಿಯ ಜಗಲಿಯ ಮೇಲೆ ನಿಂತೇ ಕೂಗಬೇಕಾಗಿತ್ತು. ಕಾರಣವಿಷ್ಟೆ: ಕೇಳುವ ಕಿವಿಗಳೆಲ್ಲ ಅಲ್ಲಿದ್ದವು.

ಆ ದಿನಗಳ ಬಿಸಿಯನ್ನು ನೆನಪಿಸಿಕೊಳ್ಳಬೇಕು. ಮೂರು ಕೃಷಿ ಕಾಯ್ದೆಗಳ ವಿರುದ್ಧ ರೈತರು ದೆಹಲಿಯ ಗಡಿಗಳಲ್ಲಿ ಬೀಡುಬಿಟ್ಟಿದ್ದರು. ಆ ಚಳವಳಿಗೆ ಸಂಬಂಧಿಸಿದಂತೆ ಒಂದು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯುವಂತೆ ಕೇಂದ್ರ ಸರ್ಕಾರ ಟ್ವಿಟರ್‌ಗೆ ಸೂಚಿಸಿತ್ತು. ಟ್ವಿಟರ್ ಕೆಲವನ್ನು ತಡೆಯಿತು, ಪತ್ರಕರ್ತರು ಮತ್ತು ರಾಜಕಾರಣಿಗಳ ಖಾತೆಗಳನ್ನು ತಡೆಯುವುದಿಲ್ಲ ಎಂದಿತು. ಸಿಟ್ಟಾದ ಮಾಹಿತಿ ತಂತ್ರಜ್ಞಾನ ಸಚಿವಾಲಯ ತನ್ನ ಉತ್ತರವನ್ನು ಮೊದಲು ಪ್ರಕಟಿಸಿದ್ದು ಕೂನಲ್ಲಿ. ಸಚಿವರು, ಇಲಾಖೆಗಳು, ಅಭಿಮಾನಿಗಳು ಒಬ್ಬರ ಹಿಂದೊಬ್ಬರು ಹಳದಿ ಹಕ್ಕಿಯ ಕಡೆಗೆ ಹೊರಟರು. ನೀಲಿ ಹಕ್ಕಿಯ ದಿನ ಮುಗಿಯಿತು ಎಂದು ಹಲವರು ಭವಿಷ್ಯ ನುಡಿದರು.

ಮುಗಿದದ್ದು ಹಳದಿ ಹಕ್ಕಿಯ ದಿನ. 2024ರ ಜುಲೈ 3ರಂದು ಕೂ ತನ್ನ ಬಾಗಿಲು ಹಾಕುತ್ತಿರುವುದಾಗಿ ಘೋಷಿಸಿತು. ಹೀಗಾದದ್ದೇಕೆ ಎಂಬ ಪ್ರಶ್ನೆಗೆ ಹಣ ಸಾಲಲಿಲ್ಲ ಎಂಬುದು ಒಂದು ಉತ್ತರ. ಆದರೆ ಅದರ ಹಿಂದೆ ಇನ್ನೂ ಹಳೆಯದಾದ ಪ್ರಶ್ನೆಯೊಂದಿದೆ. ಜನ ಒಂದು ತಾಣದ ಬಗ್ಗೆ ಬೇಸತ್ತರೆ ಅದನ್ನು ಬಿಟ್ಟು ಹೋಗುತ್ತಾರೆಯೇ? ಕಳೆದ ಎರಡು ದಶಕಗಳ ಚರಿತ್ರೆ ಇದಕ್ಕೆ ಕೊಡುವ ಉತ್ತರ ಸಾಮಾನ್ಯ ತಿಳಿವಳಿಕೆಗೆ ತುಸು ವಿರುದ್ಧವಾಗಿದೆ.

ಕನ್ನಡದಲ್ಲಿ ಹುಟ್ಟಿದ ಹಕ್ಕಿ

ಕೂ ಹುಟ್ಟಿದ್ದು ಬೆಂಗಳೂರಿನಲ್ಲಿ. ಸ್ಥಾಪಕರು ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ. ಅಪ್ರಮೇಯ ಅವರು ಮೊದಲು ‘ಟ್ಯಾಕ್ಸಿ ಫಾರ್ ಶೂರ್’ ಎಂಬ ಕಂಪನಿಯ ಸಹಸ್ಥಾಪಕರಾಗಿದ್ದು, 2015ರಲ್ಲಿ ಅದು ಓಲಾಕ್ಕೆ ಮಾರಾಟವಾಗಿತ್ತು. ಆ ಬಳಿಕ ಇಬ್ಬರೂ ಸೇರಿ ಭಾರತೀಯ ಭಾಷೆಗಳಲ್ಲಿ ಪ್ರಶ್ನೋತ್ತರ ನಡೆಸುವ ‘ವೋಕಲ್’ ಎಂಬ ತಾಣ ಕಟ್ಟಿದರು. ಅದೇ ಕಂಪನಿಯಿಂದ 2020ರ ಮಾರ್ಚ್‌ನಲ್ಲಿ ಕೂ ಹೊರಬಂತು. ಹಿಂದಿಗಿಂತ ಮೊದಲು, ಇಂಗ್ಲಿಷಿಗಿಂತ ಮೊದಲು ಅದು ಕನ್ನಡದಲ್ಲಿ ಬಂತು ಎಂಬುದು ಗಮನಿಸಬೇಕಾದ ಮಾತು. ಟ್ವಿಟರ್ ಇಂಗ್ಲಿಷ್ ಬಲ್ಲವರ ಜಗಲಿ, ದೇಶಭಾಷೆಗಳಲ್ಲಿ ಯೋಚಿಸುವ ಕೋಟ್ಯಂತರ ಜನರಿಗೆ ತಮ್ಮದೇ ಜಗಲಿ ಬೇಕು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಕೂಗೆ ಬಹುಮಾನವೂ ಬಂತು. ಕಂಪನಿಯಲ್ಲಿ ಚೀನಾ ಮೂಲದ ಹೂಡಿಕೆ ಇದೆಯೆಂಬ ಟೀಕೆ ಎದ್ದಾಗ, 2021ರಲ್ಲಿ ಆ ಪಾಲನ್ನು ಕೊಂಡವರಲ್ಲಿ ಜಾವಗಲ್ ಶ್ರೀನಾಥ್ ಕೂಡ ಒಬ್ಬರು.

ಅಂತೂ ಸರಕು ಚೆನ್ನಾಗಿತ್ತು, ಸಮಯ ಕೂಡಿ ಬಂದಿತ್ತು, ಸರ್ಕಾರದ ಬೆಂಬಲವಿತ್ತು, ಎದುರಾಳಿಯ ಮೇಲೆ ಜನರಿಗೆ ಸಿಟ್ಟೂ ಇತ್ತು. ಆ ಫೆಬ್ರುವರಿ ತಿಂಗಳಲ್ಲೇ ಕೇಂದ್ರ ಸರ್ಕಾರ ನೀಡಿದ ಅಂಕಿಗಳ ಪ್ರಕಾರ ಭಾರತದಲ್ಲಿ ವಾಟ್ಸ್‌ಆ್ಯಪ್ ಬಳಸುವವರು 53 ಕೋಟಿ, ಫೇಸ್‌ಬುಕ್ ಬಳಸುವವರು 41 ಕೋಟಿ. ಟ್ವಿಟರ್ ಬಳಸುವವರು ಬರೇ 1.75 ಕೋಟಿ. ಇಷ್ಟು ಸಣ್ಣ ಕೋಟೆಯನ್ನು ಗೆಲ್ಲುವುದು ಕಷ್ಟವಾಗಬಾರದಿತ್ತು.

ಒಬ್ಬನೇ ಕೊಂಡ ಫೋನು

ಮೊದಲು ಒಂದು ಸಣ್ಣ ಗಣಿತ. ಊರಿನಲ್ಲಿ ಒಂದೇ ಒಂದು ದೂರವಾಣಿ ಇದ್ದರೆ ಅದರ ಬೆಲೆ ಸೊನ್ನೆ. ಎರಡಿದ್ದರೆ ಒಂದು ಜೋಡಿ ಮಾತಾಡಬಹುದು. ಐದಾದರೆ ಹತ್ತು ಜೋಡಿ, ನೂರಾದರೆ 4950 ಜೋಡಿ. ಫೋನುಗಳ ಸಂಖ್ಯೆ ಇಪ್ಪತ್ತು ಪಟ್ಟು ಬೆಳೆದರೆ ಮಾತಿನ ಸಾಧ್ಯತೆ ಸುಮಾರು ಐನೂರು ಪಟ್ಟು ಬೆಳೆಯುತ್ತದೆ. ಕಂಪ್ಯೂಟರುಗಳನ್ನು ಹೆಣೆಯುವ ‘ಈಥರ್‌ನೆಟ್’ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್ಕಾಫ್ ಅವರ ಹೆಸರಿನಲ್ಲಿ ಈ ಲೆಕ್ಕಕ್ಕೆ ‘ಮೆಟ್ಕಾಫ್ ನಿಯಮ’ ಎಂಬ ಹೆಸರು ನಿಂತಿದೆ.

ಈ ಸತ್ಯವನ್ನು ಕೈಸುಟ್ಟುಕೊಂಡು ಕಲಿತದ್ದು ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ. ಮಾತಾಡುವವರ ಮುಖವೂ ಕಾಣುವ ‘ಪಿಕ್ಚರ್‌ಫೋನ್’ ಎಂಬ ಯಂತ್ರವನ್ನು ಅದು 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ತೋರಿಸಿ, 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಾರಾಟಕ್ಕೆ ಬಿಟ್ಟಿತು. ಯಂತ್ರ ಕೆಲಸ ಮಾಡುತ್ತಿತ್ತು. ಆದರೆ ಕೊಂಡವನಿಗೆ ಮುಖ ತೋರಿಸಲು ಇನ್ನೊಬ್ಬ ಸಿಗಲಿಲ್ಲ. ಅದು ಬಿದ್ದುಹೋಯಿತು. ಅದೇ ಕಂಪನಿಯ ಬೆಲ್ ಪ್ರಯೋಗಾಲಯದಲ್ಲಿದ್ದ ಜೆಫ್ರಿ ರೋಲ್ಫ್ಸ್ ಎಂಬ ಅರ್ಥಶಾಸ್ತ್ರಜ್ಞರು 1974ರಲ್ಲಿ ಈ ಬಗೆಯ ಸರಕಿನ ಬೇಡಿಕೆ ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ ಎಂದು ವಿವರಿಸಿದರು. ಒಬ್ಬ ಗ್ರಾಹಕ ಕೊಳ್ಳುವುದು ಇನ್ನೊಬ್ಬ ಕೊಂಡಿದ್ದಾನೆಯೇ ಎಂಬುದನ್ನು ನೋಡಿಕೊಂಡು. ನಮ್ಮ ಹಳ್ಳಿಗಳ ಸಂತೆಗೂ ಇದೇ ನ್ಯಾಯ. ಪಕ್ಕದ ಊರಿನಲ್ಲಿ ನೆರಳಿದೆ, ನೀರಿದೆ, ಸುಂಕ ಕಡಿಮೆ ಎಂದು ಒಬ್ಬ ಬದನೆಕಾಯಿ ವ್ಯಾಪಾರಿ ಅಲ್ಲಿಗೆ ಹೋಗಿ ಕೂತರೆ ಸಂಜೆಗೆ ಬುಟ್ಟಿ ಹೊತ್ತು ವಾಪಸು ಬರಬೇಕಾಗುತ್ತದೆ.

ಹಾಗಾದರೆ ಸಂತೆಗಳು ಸ್ಥಳ ಬದಲಿಸುವುದೇ ಇಲ್ಲವೇ? ಬದಲಿಸುತ್ತವೆ. ಇಂಥ ಒಂದು ದೊಡ್ಡ ವಲಸೆ ಭಾರತದಲ್ಲೇ ನಡೆದಿದೆ. ಇಂದು ನಲವತ್ತರ ಆಸುಪಾಸಿನಲ್ಲಿರುವ ಅನೇಕರು ಅದರಲ್ಲಿ ಪಾಲುಗೊಂಡವರೇ.

ಆರ್ಕುಟ್ ಖಾಲಿಯಾದ ಬಗೆ

ಗೂಗಲ್‌ನಲ್ಲಿದ್ದ ಟರ್ಕಿ ಮೂಲದ ಎಂಜಿನಿಯರ್ ಆರ್ಕುಟ್ ಬುಯುಕ್ಕೊಕ್ಟೆನ್ ತಮ್ಮ ಹೆಸರನ್ನೇ ಇಟ್ಟು ಈ ತಾಣವನ್ನು 2004ರ ಜನವರಿಯಲ್ಲಿ ಆರಂಭಿಸಿದರು. ಆರಂಭದಲ್ಲಿ ಒಳಗಿರುವವರು ಆಹ್ವಾನ ಕಳಿಸಿದರೆ ಮಾತ್ರ ಪ್ರವೇಶ. ಅಮೆರಿಕದವರು ಬಂದು ಇಣುಕಿ ಹೋದರು. ತುಂಬಿಕೊಂಡವರು ಬ್ರೆಜಿಲ್ ಮತ್ತು ಭಾರತದವರು. ಸ್ನೇಹಿತರ ಗೋಡೆಯ ಮೇಲೆ ‘ಸ್ಕ್ರ್ಯಾಪ್’ ಬರೆಯುವುದು, ಒಬ್ಬರ ಬಗ್ಗೆ ಇನ್ನೊಬ್ಬರು ಪ್ರಶಸ್ತಿಪತ್ರದಂಥ ‘ಟೆಸ್ಟಿಮೋನಿಯಲ್’ ಬರೆಯುವುದು, ಊರು, ಶಾಲೆ, ಸಿನಿಮಾ ನಟ, ತಿಂಡಿ ಹೀಗೆ ಯಾವುದರ ಹೆಸರಿನಲ್ಲಾದರೂ ಕೂಟ ಕಟ್ಟುವುದು, ಇವೆಲ್ಲ ಅಲ್ಲಿಯ ಬಳಕೆ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಕೂತ ಕಾಲೇಜು ಹುಡುಗರು ಮೊದಲ ಹತ್ತು ನಿಮಿಷ ನೋಡುತ್ತಿದ್ದುದು ತಮ್ಮ ಪುಟಕ್ಕೆ ಯಾರು ಬಂದು ಹೋದರು ಎಂಬುದನ್ನು.

ಆರ್ಕುಟ್‌ಗೆ ತಾಪತ್ರಯಗಳು ಇರಲಿಲ್ಲವೆಂದಲ್ಲ. ನಕಲಿ ಖಾತೆಗಳು ಹೇರಳವಾಗಿದ್ದವು. ಗುರುತು ಪರಿಚಯವಿಲ್ಲದವರ ಸ್ನೇಹದ ಕೋರಿಕೆಗಳಿಂದ ಹೆಣ್ಣುಮಕ್ಕಳಿಗೆ ರೇಜಿಗೆಯಾಗಿತ್ತು. 2006-07ರಲ್ಲಿ ಮಹಾರಾಷ್ಟ್ರದಲ್ಲಿ ಶಿವಾಜಿ ಮಹಾರಾಜರ ಬಗೆಗಿನ ಅವಹೇಳನಕಾರಿ ಬರಹಗಳ ವಿರುದ್ಧ ಪ್ರತಿಭಟನೆಗಳಾಗಿ, ಸೈಬರ್ ಕೆಫೆಗಳ ಮೇಲೆ ದಾಳಿಗಳೂ ನಡೆದವು. ಪತ್ರಿಕೆಗಳಲ್ಲಿ ಆರ್ಕುಟ್ ಬಗ್ಗೆ ಕೆಟ್ಟ ಸುದ್ದಿ ಬರುತ್ತಿದ್ದ ಆ ವರ್ಷಗಳಲ್ಲೇ ಅದು ಬೆಳೆಯುತ್ತ ಹೋಯಿತು. ಖಾಲಿಯಾದದ್ದು ಅನಂತರ, ಯಾವ ಗದ್ದಲವೂ ಇಲ್ಲದ ದಿನಗಳಲ್ಲಿ.

ಅದು ಹೇಗೆಂದು ನೋಡಿ. ಫೇಸ್‌ಬುಕ್ ಕೂಡ 2004ರಲ್ಲೇ, ಆರ್ಕುಟ್‌ಗಿಂತ ಕೆಲವೇ ದಿನ ತಡವಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಹುಟ್ಟಿತ್ತು. 2006ರ ಸೆಪ್ಟೆಂಬರಿನಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೆಯಿತು. ಅಮೆರಿಕಕ್ಕೆ ಓದಲು ಹೋದ ಮಗನೋ ಸೋದರಸೊಸೆಯೋ ಅಲ್ಲಿಯ ವಾಡಿಕೆಯಂತೆ ಫೇಸ್‌ಬುಕ್ ಸೇರಿದರು. ಅವರ ಫೋಟೊ ನೋಡಬೇಕೆಂದು ಇಲ್ಲಿಯ ಗೆಳೆಯರು, ತಮ್ಮ ತಂಗಿಯರು ಖಾತೆ ತೆರೆದರು. ಆರ್ಕುಟ್‌ನಲ್ಲಿ ಗೆಳೆಯರ ಸಮಾಚಾರ ತಿಳಿಯಲು ಒಬ್ಬೊಬ್ಬರ ಪುಟಕ್ಕೂ ಹೋಗಿ ಕದ ತಟ್ಟಬೇಕಾಗಿತ್ತು. ಫೇಸ್‌ಬುಕ್‌ನಲ್ಲಿ ಎಲ್ಲರ ಸಮಾಚಾರವೂ ಒಂದೇ ಪುಟದಲ್ಲಿ ಹರಿದು ಬರುತ್ತಿತ್ತು. 2009ರಲ್ಲಿ ಬಂದ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟವೂ ಅನೇಕರನ್ನು ಎಳೆಯಿತು. ಹೊಲವನ್ನೇ ಕಾಣದ ನಗರದ ಗುಮಾಸ್ತರು ರಾತ್ರಿ ಎದ್ದು ಗಣಕಯಂತ್ರದ ಮೇಲಿನ ಬೆಳೆ ಕೊಯ್ಯುತ್ತಿದ್ದ ಕಾಲ ಅದು.

ಮುಖ್ಯವಾದ ವಿಷಯವೆಂದರೆ ಯಾರೂ ಆರ್ಕುಟ್ ಅನ್ನು ‘ಬಿಡಲಿಲ್ಲ’. ಖಾತೆ ಅಲ್ಲೂ ಇತ್ತು, ಇಲ್ಲೂ ಇತ್ತು. ದಿನಕ್ಕೆರಡು ಸಲ ಹೋಗುತ್ತಿದ್ದವರು ವಾರಕ್ಕೊಮ್ಮೆ ಹೋಗತೊಡಗಿದರು, ಆಮೇಲೆ ಹುಟ್ಟುಹಬ್ಬದ ದಿನ ಮಾತ್ರ, ಕೊನೆಗೆ ಪಾಸ್‌ವರ್ಡ್ ಮರೆತುಹೋಯಿತು. ಕಾಮ್‌ಸ್ಕೋರ್ ಸಂಸ್ಥೆಯ ಲೆಕ್ಕದಂತೆ 2010ರ ಜುಲೈನಲ್ಲಿ ಭಾರತದಲ್ಲಿ ಫೇಸ್‌ಬುಕ್‌ಗೆ ಭೇಟಿಯಿತ್ತವರು 2.09 ಕೋಟಿ, ಆರ್ಕುಟ್‌ಗೆ 1.99 ಕೋಟಿ. ಸಂತೆ ಎದ್ದದ್ದು ಆ ತಿಂಗಳು ಎನ್ನಬಹುದು. ಆದರೆ ಬ್ರೆಜಿಲ್‌ನಲ್ಲಿ ಫೇಸ್‌ಬುಕ್ ಮುಂದೆ ಬರಲು 2011ರ ಡಿಸೆಂಬರ್ ಆಗಬೇಕಾಯಿತು. ತಾಣ ಒಂದೇ, ಅದರ ಗುಣದೋಷಗಳೂ ಅವೇ. ಒಂದು ದೇಶದವರು ಹೋದರು, ಇನ್ನೊಂದು ದೇಶದವರು ಒಂದೂವರೆ ವರ್ಷ ಉಳಿದರು. ಇದಕ್ಕೂ ಹಿಂದಿನ ‘ಫ್ರೆಂಡ್‌ಸ್ಟರ್’ ಎಂಬ ತಾಣದ ಕಥೆಯೂ ಇದೇ. ಪುಟ ತೆರೆಯುವಷ್ಟರಲ್ಲಿ ತಾಳ್ಮೆ ಸೋರಿಹೋಗುತ್ತಿತ್ತೆಂದು ಅಮೆರಿಕದವರು ಅದನ್ನು ತೊರೆದು ಮೈಸ್ಪೇಸ್‌ಗೆ ಹೋದ ಎಷ್ಟೋ ವರ್ಷ ಫಿಲಿಪ್ಪೀನ್ಸ್, ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಅದು ಮೆರೆಯುತ್ತಿತ್ತು. ತಾಣ ಬಿಡುವುದು ವ್ಯಕ್ತಿಯಲ್ಲ, ಬಳಗ. ಬಳಗದ ಒಂದು ತುದಿ ಹೊಸ ಜಾಗದಲ್ಲಿ ಬೇರು ಬಿಟ್ಟರೆ ಮಾತ್ರ ಉಳಿದದ್ದು ಹಿಂಬಾಲಿಸುತ್ತದೆ.

ಗದ್ದಲದ ನಿರ್ಗಮನಗಳು

ಇದಕ್ಕೆ ತದ್ವಿರುದ್ಧವಾದ ಘಟನೆಗಳನ್ನೂ ಇಲ್ಲಿ ಇಡಬೇಕು. 2019ರ ಅಕ್ಟೋಬರ್-ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿತು. ನಾಜಿ ವಂದನೆ ಮಾಡಲು ಒಪ್ಪದೆ ಜನಜಂಗುಳಿಯ ನಡುವೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನೊಬ್ಬನ ಪ್ರಸಿದ್ಧ ಚಿತ್ರ ಅವರ ಪುಟದಲ್ಲಿತ್ತು. ಅದನ್ನು ದ್ವೇಷಪ್ರಚಾರವೆಂದು ಭಾವಿಸಿದ್ದೇ ವಿವಾದದ ಮೂಲ. ಸಿಟ್ಟಿಗೆದ್ದ ಸಾವಿರಾರು ಭಾರತೀಯರು ‘ಮಾಸ್ಟೊಡಾನ್’ ಎಂಬ ತಾಣಕ್ಕೆ ಹೊರಟರು. ಕೆಲವು ವಾರ ಕಳೆಯುವುದರೊಳಗೆ ಹೆಚ್ಚಿನವರು ಟ್ವಿಟರ್‌ಗೆ ಮರಳಿದ್ದರು.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನಿಯಮಗಳನ್ನು ಬದಲಿಸುವುದಾಗಿ ಸಾರಿದಾಗ ಇಂಥದೇ ಕೋಲಾಹಲವಾಯಿತು. ಎಲಾನ್ ಮಸ್ಕ್ ‘ಸಿಗ್ನಲ್ ಬಳಸಿ’ ಎಂದು ಎರಡೇ ಪದಗಳಲ್ಲಿ ಕರೆ ಕೊಟ್ಟರು. ಸಿಗ್ನಲ್‌ಗೆ ನುಗ್ಗಿದ ಜನರ ಭಾರಕ್ಕೆ ಜನವರಿ 15ರಂದು ಅದರ ಸೇವೆಯೇ ನಿಂತುಹೋಯಿತು. ತನ್ನ ಮೇಲಿನ ಅನುಮಾನ ನಿವಾರಿಸಲು ವಾಟ್ಸ್‌ಆ್ಯಪ್ ಭಾರತದ ದಿನಪತ್ರಿಕೆಗಳಲ್ಲಿ ಮುಖಪುಟದ ಜಾಹೀರಾತು ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಪರಿಣಾಮ? ಸಿಗ್ನಲ್ ಇಳಿಸಿಕೊಂಡವರು ಅದನ್ನು ಫೋನಿನ ಮೂಲೆಯಲ್ಲಿಟ್ಟು, ಅಪಾರ್ಟ್‌ಮೆಂಟಿನ ನೀರಿನ ಸುದ್ದಿಗೂ ಮಕ್ಕಳ ಶಾಲೆಯ ಸೂಚನೆಗೂ ವಾಟ್ಸ್‌ಆ್ಯಪ್ ಗುಂಪನ್ನೇ ನೋಡುತ್ತ ಉಳಿದರು. ಶಾಲೆಯ ಗುಂಪು ಎದ್ದು ಬಾರದೆ ತಾಯಿಯೊಬ್ಬಳು ಎದ್ದು ಹೋಗುವಂತಿಲ್ಲ.

ಅದೇ ಮಸ್ಕ್ 2022ರ ಅಕ್ಟೋಬರ್ 27ರಂದು 4400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡಾಗ ಜನ ಬಿಟ್ಟು ಹೋಗುವ ಸರದಿ ಅವರ ಮನೆಗೇ ಬಂತು. ಮಾಸ್ಟೊಡಾನ್‌ನ ಮಾಸಿಕ ಬಳಕೆದಾರರು ಒಂದೇ ತಿಂಗಳ ಸುಮಾರಿಗೆ 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. 2023ರ ಜನವರಿ ಮೊದಲ ವಾರಕ್ಕೆ ಅದು 18 ಲಕ್ಷಕ್ಕೆ ಇಳಿಯಿತು. ಆ ಜುಲೈನಲ್ಲಿ ಫೇಸ್‌ಬುಕ್‌ನ ಒಡೆತನ ಹೊಂದಿದ ಮೆಟಾ ಕಂಪನಿ ‘ಥ್ರೆಡ್ಸ್’ ಆರಂಭಿಸಿ ಐದೇ ದಿನದಲ್ಲಿ 10 ಕೋಟಿ ಖಾತೆ ಕಂಡಿತು. ಅದರ ಗುಟ್ಟು ಸರಳ. ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದವರು ಒಂದು ಗುಂಡಿ ಒತ್ತಿದರೆ ತಮ್ಮ ಬಳಗದ ಸಮೇತ ಬರಬಹುದಿತ್ತು. ಹಾಗಿದ್ದೂ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲವೇ ವಾರದಲ್ಲಿ ಕಾಣೆಯಾದರು. ಮತ್ತೆ ಜನ ನೆರೆಯಲು ತಿಂಗಳುಗಳೇ ಹಿಡಿದವು.

ಹೀಗೆ ಸಿಟ್ಟಿನಿಂದ ಹೊರಟವರು ಮರಳುತ್ತಾರೆ, ಬೇರೇನೋ ಬೇಕಾಗಿ ಹೊರಟವರು ಮರಳುವುದಿಲ್ಲ ಎಂದು ತೋರುತ್ತದೆ. ಇದಕ್ಕೆ ಒಂದು ಪ್ರಸಿದ್ಧ ಅಪವಾದವಿದೆ. ಸುದ್ದಿ ಮತ್ತು ಸ್ವಾರಸ್ಯಗಳ ಕೊಂಡಿಗಳಿಗೆ ಜನ ಮತ ಹಾಕಿ ಮೇಲೇರಿಸುವ ‘ಡಿಗ್’ ಎಂಬ ಅಮೆರಿಕದ ತಾಣ 2010ರ ಆಗಸ್ಟ್ 25ರಂದು ತನ್ನ ರೂಪವನ್ನು ಬದಲಿಸಿತು. ಸಾಮಾನ್ಯ ಓದುಗರ ಆಯ್ಕೆಗಿಂತ ದೊಡ್ಡ ಪ್ರಕಾಶಕರ ಸರಕು ಮುಂದೆ ಬರುವಂತಾಯಿತು. ಬಳಕೆದಾರರು ದಂಗೆ ಎದ್ದರು. ಎದುರಾಳಿ ‘ರೆಡಿಟ್’ ತಾಣದ ಕೊಂಡಿಗಳಿಗೇ ಮತ ಹಾಕಿ ಡಿಗ್‌ನ ಮುಖಪುಟ ತುಂಬಿಸಿದರು, ಆಮೇಲೆ ಅಲ್ಲಿಗೇ ಹೋದರು. ಎರಡು ವರ್ಷದ ಬಳಿಕ ಡಿಗ್ ಸುಮಾರು 5 ಲಕ್ಷ ಡಾಲರಿಗೆ ಮಾರಾಟವಾಯಿತು. ಇಲ್ಲಿ ಸಿಟ್ಟೇ ಸಾಕಾಯಿತಲ್ಲ? ಸಾಕಾಯಿತು, ಏಕೆಂದರೆ ಡಿಗ್‌ನಲ್ಲಿ ಬಳಗವೆಂಬುದಕ್ಕೆ ಹೆಚ್ಚು ಬೆಲೆಯಿರಲಿಲ್ಲ. ಅಲ್ಲಿ ಕೂಡುತ್ತಿದ್ದವರು ಬಹುಪಾಲು ಅಪರಿಚಿತರು. ಹಂಚಿಕೊಳ್ಳುತ್ತಿದ್ದುದು ಹೊರಗಿನ ಸುದ್ದಿ. ಅಜ್ಜಿಯನ್ನು ಕರೆದೊಯ್ಯಬೇಕಿಲ್ಲ, ಅಭಿಮಾನಿಗಳನ್ನು ಬಿಟ್ಟು ಬರಬೇಕಿಲ್ಲ. ಬಸ್‌ಸ್ಟ್ಯಾಂಡಿನ ಒಂದು ಹೋಟೆಲಿನಲ್ಲಿ ಕಾಫಿ ಕೆಟ್ಟರೆ ಪಕ್ಕದ ಹೋಟೆಲಿಗೆ ಹೋದಷ್ಟೇ ಸುಲಭ.

ಹೊರಹೋಗುವ ಬಾಗಿಲು

ಬಳಗವನ್ನು ಹೊತ್ತೊಯ್ಯುವುದೇ ಕಷ್ಟವೆಂದ ಮೇಲೆ ಆ ಕಷ್ಟವನ್ನು ಹೆಚ್ಚಿಸುವುದರಲ್ಲಿ ತಾಣಗಳಿಗೆ ಲಾಭವಿದೆ. 2010ರ ನವೆಂಬರಿನಲ್ಲಿ ಗೂಗಲ್, ಜಿಮೇಲ್‌ನ ವಿಳಾಸಪಟ್ಟಿಯನ್ನು ಫೇಸ್‌ಬುಕ್ ನೇರವಾಗಿ ಎಳೆದುಕೊಳ್ಳದಂತೆ ತಡೆಯಿತು. ಗೆಳೆಯರ ವಿಳಾಸ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ ಎಂಬುದು ಅದರ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಭಾರತದಲ್ಲಿ ಆರ್ಕುಟ್ ಸೋತ ನಾಲ್ಕು ತಿಂಗಳ ಮೇಲೆ ಬಂತು ಅಷ್ಟೆ. 2022ರ ಡಿಸೆಂಬರ್ 18ರಂದು ಟ್ವಿಟರ್, ಮಾಸ್ಟೊಡಾನ್, ಇನ್‌ಸ್ಟಾಗ್ರಾಮ್ ಮೊದಲಾದ ತಾಣಗಳಲ್ಲಿರುವ ತಮ್ಮ ವಿಳಾಸವನ್ನು ಯಾರೂ ಪ್ರಚಾರ ಮಾಡಕೂಡದೆಂದು ನಿಯಮ ಹೊರಡಿಸಿತು. ಟೀಕೆಯ ಮಳೆಗೆ ಒಂದೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗೋಯಲ್ ಅವರು ಟ್ವಿಟರ್‌ನಲ್ಲೇ ಕೂಗೆ ಕರೆದಂಥ ಕರೆ ಆ ಒಂದು ದಿನ ಅಲ್ಲಿ ನಿಯಮಬಾಹಿರವಾಗಿತ್ತು.

ಮೊಬೈಲ್ ಫೋನಿನಲ್ಲಿ ಇದಕ್ಕೆ ಪರಿಹಾರ ದೊರೆತಿದೆ. 2011ರ ಜನವರಿ 20ರಿಂದ ದೇಶದಾದ್ಯಂತ ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳಬಹುದು. ಹೊಸ ಕಂಪನಿಯಿಂದ ಹಳೆಯ ಕಂಪನಿಯ ಗೆಳೆಯನಿಗೆ ಕರೆಯೂ ಹೋಗುತ್ತದೆ. ಆದ್ದರಿಂದ ಒಬ್ಬನೇ ಎದ್ದು ಹೋಗಬಹುದು. ಸಾಮಾಜಿಕ ತಾಣಗಳಲ್ಲಿ ಈ ಸೌಕರ್ಯ ವಿರಳ. ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಅನುಯಾಯಿಗಳನ್ನು ಕರೆದೊಯ್ಯಬಹುದು. ಆದರೆ ಬರೆದದ್ದನ್ನಲ್ಲ.

ಹಳದಿ ಹಕ್ಕಿಯ ಕೊನೆ

ಈಗ ಕೂ ಕಡೆಗೆ ಮರಳಿದರೆ ಅದರ ಸಂಕಟ ಅರ್ಥವಾಗುತ್ತದೆ. ಸಚಿವರೂ ಇಲಾಖೆಗಳೂ ಅಲ್ಲಿಗೆ ಬಂದರು ನಿಜ. ಟ್ವಿಟರ್ ಖಾತೆಗಳು ಹಾಗೇ ಉಳಿದವು. ಲಕ್ಷಗಟ್ಟಲೆ ಅನುಯಾಯಿಗಳನ್ನು ವರ್ಷಗಳ ಕಾಲ ಕೂಡಿಹಾಕಿದವರಿಗೆ ಆ ಸಂಖ್ಯೆಯೇ ಬಂಡವಾಳ. ಅದನ್ನು ಬಿಟ್ಟು ಬರಿಗೈಯಲ್ಲಿ ಬರುವವರು ಯಾರು? ಒಂದೇ ಹೇಳಿಕೆಯನ್ನು ಎರಡೂ ಕಡೆ ಹಾಕುವುದು ವಾಡಿಕೆಯಾಯಿತು. ಎರಡೂ ಕಡೆ ಅದೇ ಸಿಗುವುದಾದರೆ ಓದುಗ ಹೋಗುವುದು ಜನ ಹೆಚ್ಚಿರುವ ಕಡೆಗೆ. ಆರ್ಕುಟ್ ಬಳಗವನ್ನು ಸದ್ದಿಲ್ಲದೆ ದಾಟಿಸಿದ್ದು ಇದೇ ಎರಡು ಖಾತೆಯ ಪದ್ಧತಿ. ಇಲ್ಲಿ ಅದು ಹಳೆಯ ತಾಣಕ್ಕೇ ನೆರವಾಯಿತು.

ಕನ್ನಡದ ಬಲವೂ ಎಣಿಸಿದಷ್ಟು ನಡೆಯಲಿಲ್ಲ. ಕನ್ನಡದಲ್ಲಿ ಬರೆಯಬೇಕೆನ್ನುವವರು ಅಷ್ಟರಲ್ಲಿ ಫೇಸ್‌ಬುಕ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಬರೆಯುತ್ತಿದ್ದರು. ಅವರಿಗೆ ಓದುಗರೂ ಅಲ್ಲೇ ಇದ್ದರು. ಇನ್ನು ಟ್ವಿಟರ್‌ಗೆ ಹೋಗುತ್ತಿದ್ದ ಬೆಂಗಳೂರಿನವರು ಅನೇಕ ವೇಳೆ ಹೋಗುತ್ತಿದ್ದುದು ರಸ್ತೆಗುಂಡಿಯ ಫೋಟೊ ಹಾಕಿ ಅಧಿಕಾರಿಗಳನ್ನೂ ಪತ್ರಕರ್ತರನ್ನೂ ಒಟ್ಟಿಗೆ ಎಚ್ಚರಿಸಲು. ದೂರನ್ನು ನಾಲ್ಕು ಜನ ನೋಡದಿದ್ದರೆ ದೂರಿಗೆ ಕಿಮ್ಮತ್ತಿಲ್ಲ.

ಕೂ ಮಾತ್ರ ಅದೃಷ್ಟದ ಗಾಳಿ ಬೀಸಿದ ಕಡೆಗೆಲ್ಲ ಹಾರಿತು. 2021ರ ಜೂನ್‌ನಲ್ಲಿ ನೈಜೀರಿಯಾದ ಅಧ್ಯಕ್ಷ ಮೊಹಮ್ಮದು ಬುಹಾರಿ ಅವರ ಬರಹವನ್ನು ಟ್ವಿಟರ್ ಅಳಿಸಿಹಾಕಿತು. ಆ ದೇಶದ ಸರ್ಕಾರ ಟ್ವಿಟರ್ ಅನ್ನೇ ನಿಷೇಧಿಸಿ ಕೂನಲ್ಲಿ ಖಾತೆ ತೆರೆಯಿತು. ಸರ್ಕಾರ ಬಂತು, ಜನ ಬರಲಿಲ್ಲ. ಅನೇಕರು ಕಳ್ಳದಾರಿಯ ತಂತ್ರಾಂಶ ಹಾಕಿಕೊಂಡು ಟ್ವಿಟರ್‌ನಲ್ಲೇ ಉಳಿದರು. 2022ರ ಜನವರಿಯಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಬ್ರೆಜಿಲ್‌ನವರು ನುಗ್ಗಿದರು. ಪೋರ್ಚುಗೀಸ್ ಭಾಷೆಯಲ್ಲಿ ‘ಕೂ’ ಎಂಬ ಉಚ್ಚಾರದ ಪದಕ್ಕೆ ನಾಲ್ಕು ಜನರ ನಡುವೆ ಹೇಳಬಾರದ ಅರ್ಥವಿದೆ. ತಮಾಷೆಗಾಗಿಯೇ ಎರಡು ದಿನದಲ್ಲಿ 10 ಲಕ್ಷ ಸಲ ಆ್ಯಪ್ ಇಳಿಸಿಕೊಳ್ಳಲಾಯಿತೆಂದು ಕಂಪನಿ ಹೇಳಿತು. ತರಾತುರಿಯಲ್ಲಿ ಪೋರ್ಚುಗೀಸ್ ಸೇರಿಸಲಾಯಿತು. ತಮಾಷೆ ಹಳತಾದ ಮೇಲೆ ಜನರೂ ಕರಗಿದರು.

ಕೂ ಇಳಿಸಿಕೊಂಡವರ ಒಟ್ಟು ಲೆಕ್ಕ ಕೋಟಿಗಳಲ್ಲಿತ್ತು. ಆದರೆ ಅತ್ಯಂತ ಏರುಗತಿಯ ದಿನಗಳಲ್ಲೂ ನಿತ್ಯ ಬರುತ್ತಿದ್ದವರು 21 ಲಕ್ಷ ಎಂದು ಸ್ಥಾಪಕರೇ ತಿಳಿಸಿದ್ದಾರೆ. 2022ರಿಂದ ಹೂಡಿಕೆಯ ಹಣ ಬತ್ತಿತು. ಸಿಬ್ಬಂದಿಯನ್ನು ಹಂತಹಂತವಾಗಿ ಇಳಿಸಲಾಯಿತು. ಕಂಪನಿಯನ್ನು ಕೊಳ್ಳುವ ಬಗ್ಗೆ ನಡೆದ ಮಾತುಕತೆಗಳು ಫಲಿಸಲಿಲ್ಲ. ಟ್ವಿಟರ್ ಅನ್ನು ಭಾರತದಲ್ಲಿ ಮೀರಿಸಲು ಕೆಲವೇ ತಿಂಗಳು ಬಾಕಿಯಿತ್ತು ಎಂಬುದು ಸ್ಥಾಪಕರ ನಂಬಿಕೆ. ಹಣವಿದ್ದರೆ ಮೀರಿಸುತ್ತಿತ್ತೇನೋ. ಆದರೆ ಟಿಕ್‌ಟಾಕ್‌ನ ಉದಾಹರಣೆ ಕಣ್ಣೆದುರಿಗಿದೆ. 2020ರ ಜೂನ್ 29ರಂದು ಸರ್ಕಾರ ಅದನ್ನು ನಿಷೇಧಿಸಿದಾಗ ಹಳೆಯ ಸಂತೆಯ ಮೈದಾನಕ್ಕೇ ಬೀಗ ಬಿದ್ದಿತ್ತು. ಎಲ್ಲರೂ ಎಲ್ಲಿಗಾದರೂ ಹೋಗಲೇಬೇಕಾಗಿತ್ತು. ಬೆಂಗಳೂರಿನ ಶೇರ್‌ಚಾಟ್ ಕಂಪನಿ ಕೆಲವೇ ದಿನಗಳಲ್ಲಿ ‘ಮೋಜ್’ ಹೊರತಂದಿತು. ಬೇರೆ ದೇಶಿ ಆ್ಯಪ್‌ಗಳೂ ಸಾಲುಗಟ್ಟಿದವು. ಕೊನೆಗೆ ದೊಡ್ಡ ಪಾಲು ಸೇರಿದ್ದು ಇನ್‌ಸ್ಟಾಗ್ರಾಮ್‌ನ ರೀಲ್ಸ್ ಮತ್ತು ಯೂಟ್ಯೂಬ್‌ನ ಶಾರ್ಟ್ಸ್‌ಗೆ. ಅಲ್ಲಿ ನೆಂಟರಿಷ್ಟರು ಮೊದಲೇ ಇದ್ದರು.

ಜನ ಬಿಟ್ಟುಹೋಗುತ್ತಾರೆಂಬ ಹೆದರಿಕೆಯೇ ಮಾಲೀಕರನ್ನು ಸರಿದಾರಿಗೆ ತರುತ್ತದೆ ಎಂಬ ವಾದವೊಂದಿದೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಶಂಕಿಸಿದ್ದರು. ಅವರ ಆಲೋಚನೆ ಹುಟ್ಟಿದ್ದು ನೈಜೀರಿಯಾದ ರೈಲ್ವೆಯನ್ನು ನೋಡಿ. ಲಾರಿಗಳ ಪೈಪೋಟಿ ಇದ್ದರೂ ರೈಲು ಸುಧಾರಿಸಲಿಲ್ಲ. ಏಕೆಂದರೆ ಗಲಾಟೆ ಮಾಡಿ ಸರಿಪಡಿಸಬಲ್ಲ ಗಿರಾಕಿಗಳೇ ಮೊದಲು ಲಾರಿ ಹಿಡಿದರು. ಸಾಮಾಜಿಕ ತಾಣಗಳಲ್ಲೂ ಬೇಸತ್ತು ಮೊದಲು ಹೊರಡುವವರು ಹೆಚ್ಚಾಗಿ ಅಲ್ಲಿಯ ಹದ ಕಾಯುತ್ತಿದ್ದವರೇ. ಉಳಿದವರು ಹದಗೆಟ್ಟ ಜಾಗದಲ್ಲಿ, ಅದೇ ಬಳಗದ ನಡುವೆ ಕೂತಿರುತ್ತಾರೆ.

ಸಂತೆ ಎದ್ದ ಮೇಲೆ ಮೈದಾನದಲ್ಲಿ ಏನುಳಿಯುತ್ತದೆ ಎಂಬುದನ್ನೂ ನೋಡಬೇಕು. 2003ರಿಂದ 2015ರವರೆಗೆ ಮೈಸ್ಪೇಸ್‌ನಲ್ಲಿ ಕಲಾವಿದರು ಇಟ್ಟಿದ್ದ ಹಾಡುಗಳು ಸರ್ವರ್ ಬದಲಾಯಿಸುವಾಗ ನಾಶವಾದವೆಂದು 2019ರಲ್ಲಿ ತಿಳಿದುಬಂತು. ಅವುಗಳ ಸಂಖ್ಯೆ 5 ಕೋಟಿಯವರೆಗೂ ಇರಬಹುದೆಂದು ಅಂದಾಜು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಕೂಟಗಳಲ್ಲಿ ನಡೆದ ಚರ್ಚೆಗಳನ್ನು ಗೂಗಲ್ ಕೆಲಕಾಲ ಓದಲು ಇಟ್ಟಿತ್ತು, ಆಮೇಲೆ ಅದನ್ನೂ ತೆಗೆಯಿತು. ಕಾಲೇಜಿನ ಕೊನೆಯ ದಿನ ಗೆಳತಿ ಬರೆದ ಟೆಸ್ಟಿಮೋನಿಯಲ್ ಈಗ ಯಾರ ಬಳಿಯೂ ಇಲ್ಲ. ಅದರ ಸ್ಥಾಪಕರೇ 2016ರಲ್ಲಿ ‘ಹಲೋ’ ಎಂಬ ಹೊಸ ತಾಣ ಕಟ್ಟಿ, 2018ರಲ್ಲಿ ಭಾರತಕ್ಕೂ ತಂದು, ಹಳಬರನ್ನು ಕರೆದರು. ಆರ್ಕುಟ್‌ನ ಜನ ಮತ್ತೆ ನೆರೆಯಲಿಲ್ಲ.

ನೀಲಿ ಹಕ್ಕಿಯೂ ಈಗಿಲ್ಲ. 2023ರ ಜುಲೈನಲ್ಲಿ ಮಸ್ಕ್ ಅದನ್ನು ಕೆಳಗಿಳಿಸಿ ತಾಣಕ್ಕೆ ‘ಎಕ್ಸ್’ ಎಂದು ಹೆಸರಿಟ್ಟರು. ಮಾಲೀಕ, ಹೆಸರು, ಗುರುತು, ನಿಯಮ ಎಲ್ಲ ಬದಲಾದರೂ ಸಚಿವರೂ ಪತ್ರಕರ್ತರೂ ರಸ್ತೆಗುಂಡಿಯ ದೂರುದಾರರೂ ಅಲ್ಲಿಯೇ ಇದ್ದರು. ಹಳದಿ ಹಕ್ಕಿ ವಿದಾಯ ಹೇಳುತ್ತಿದೆ ಎಂದು ಕೂ ಸ್ಥಾಪಕರು ಬರೆದ ಟಿಪ್ಪಣಿಯನ್ನು ದೇಶ ಓದಿದ್ದು ಕೂನಲ್ಲಿ ಅಲ್ಲ. ಅವರು ಅದನ್ನು ಪ್ರಕಟಿಸಿದ್ದು ಲಿಂಕ್ಡ್‌ಇನ್‌ನಲ್ಲಿ.